ಬ್ರಿಟನ್ನಲ್ಲಿ ಹೊರಗಡೆ ಮಗುಗೆ ಹಾಲು ಕುಡಿಸ್ಬೋದಾ ಅಂತ ಕೇಳಿದ್ರಲ್ಲ

ಮುಂದಿನ ತಿಂಗಳು ಲೀಡ್ಸ್‌ಗೆ ಬರ್ತಿದೀವಿ, ಪಾಪುಗೆ ಐದು ತಿಂಗಳು, ಇನ್ನೂ ಬರೀ ಎದೆಹಾಲೇ, ಬಸ್ಸಲ್ಲೋ ಪಾರ್ಕಲ್ಲೋ ಇದ್ದಾಗ ಹಸಿವು ಅಂತ ಅತ್ರೆ ಏನ್ ಮಾಡ್ಲಿ ಅಕ್ಕಾ, ಜನ ಗುರಾಯಿಸ್ತಾರಾ, ಎದ್ದು ಹೋಗಿ ಅಂದ್ರೆ ಹೋಗ್ಲೇಬೇಕಾ, ಇದೆಲ್ಲಾ ತಲೆನೋವೇ ಬೇಡ ಅಂತ ಈಗ್ಲೇ ಬಾಟಲಿ ಅಭ್ಯಾಸ ಮಾಡಿಸಿಬಿಡ್ಲಾ ಅಂತ ಕೇಳಿದೀರ. ಕೊನೇ ಪ್ರಶ್ನೆಗೆ ಮೊದ್ಲು ಹೇಳ್ತೀನಿ. ಜನಕ್ಕೆ ಹೆದರಿ ಬಾಟಲಿ ಶುರು ಮಾಡ್ಬೇಡಿ. ಹಾಲು ಸಾಲ್ತಿಲ್ಲ, ಕೆಲಸಕ್ಕೆ ಹೋಗ್ಬೇಕು, ಅಥವಾ ನಿಮಗೇ ಸಾಕಾಗಿದೆ ಅಂದ್ರೆ ಅದು ಬೇರೆ ಮಾತು, ಅದ್ರಲ್ಲಿ ತಪ್ಪೇನೂ ಇಲ್ಲ. ಆದ್ರೆ ಯಾರೋ ಗುರುತು ಪರಿಚಯ ಇಲ್ಲದವರು ಮುಖ ಸಿಂಡರಿಸ್ತಾರೇನೋ ಅಂತ ಮಗುಗೆ ಹಾಲು ಬಿಡಿಸೋ ಅವಶ್ಯಕತೆ ಈ ದೇಶದಲ್ಲಿ ಇಲ್ಲ.

ಇಲ್ಲಿ ಕಾನೂನು ಪೂರ್ತಿ ನಿಮ್ಮ ಕಡೆ ಇದೆ. 2010ರ ಈಕ್ವಾಲಿಟಿ ಆಕ್ಟ್, ಅಂದ್ರೆ ಸಮಾನತೆ ಕಾನೂನು ಅಂತ ಒಂದಿದೆ, ಅದ್ರ ಪ್ರಕಾರ ಕೆಫೆ, ಅಂಗಡಿ, ಬಸ್ಸು, ಟ್ರೇನು, ಲೈಬ್ರರಿ, ಆಸ್ಪತ್ರೆ, ಸಿನಿಮಾ ಹಾಲ್ ಎಲ್ಲೇ ಆಗ್ಲಿ ಹಾಲು ಕುಡಿಸ್ತಿದೀರ ಅನ್ನೋ ಕಾರಣಕ್ಕೆ ನಿಮ್ಮನ್ನ ಎಬ್ಬಿಸೋಹಾಗಿಲ್ಲ, ಸರ್ವ್ ಮಾಡಲ್ಲ ಅನ್ನೋಹಾಗಿಲ್ಲ. ಆರು ತಿಂಗಳವರೆಗೆ ಮಾತ್ರ ಈ ರಕ್ಷಣೆ, ಆಮೇಲೆ ಇಲ್ಲ ಅಂತ ಕೆಲವರು ಹೇಳ್ತಾರೆ, ನಿಮ್ಮ ಮಗುಗೆ ಈಗ ಐದು ತಿಂಗಳು ಅಂದಿದ್ದಕ್ಕೆ ಇದನ್ನ ಸ್ಪಷ್ಟವಾಗಿ ಹೇಳ್ಬೇಕು, ಅದು ಸುಳ್ಳು. ಹೆರಿಗೆ ಆಗಿ 26 ವಾರದೊಳಗೆ ಹಾಗೆ ಎಬ್ಬಿಸಿದ್ರೆ ಅದನ್ನ ಮೆಟರ್ನಿಟಿ ಡಿಸ್ಕ್ರಿಮಿನೇಶನ್ (ಬಾಣಂತಿ ಅಂತ ಮಾಡೋ ತಾರತಮ್ಯ) ಅಂತಾರೆ, ಆಮೇಲೆ ಎಬ್ಬಿಸಿದ್ರೆ ಸೆಕ್ಸ್ ಡಿಸ್ಕ್ರಿಮಿನೇಶನ್ (ಹೆಣ್ಣು ಅಂತ ಮಾಡೋ ತಾರತಮ್ಯ) ಅಂತಾರೆ, ಹೆಸರು ಬದಲಾಗತ್ತೆ ಅಷ್ಟೇ. ಮಗು ಒಂದು ವರ್ಷದ್ದಾದ್ರೂ ಎರಡು ವರ್ಷದ್ದಾದ್ರೂ ಕುಡಿಸ್ಬೋದು. ಸ್ಕಾಟ್ಲೆಂಡಲ್ಲಿ ಇನ್ನೂ ಗಟ್ಟಿ. ಅಲ್ಲಿ 2005ರಲ್ಲೇ ಬೇರೆ ಕಾನೂನು ತಂದಿದಾರೆ, ಸಾರ್ವಜನಿಕ ಜಾಗದಲ್ಲಿ ಎರಡು ವರ್ಷದೊಳಗಿನ ಮಗುಗೆ ಹಾಲು ಕುಡಿಸೋದನ್ನ ಬೇಕಂತ ತಡೆದ್ರೆ ಅದು ಅಪರಾಧ, 2,500 ಪೌಂಡ್ ತನಕ ದಂಡ ಬೀಳ್ಬೋದು, ಎದೆಹಾಲಾದ್ರೂ ಸರಿ ಬಾಟಲಿ ಆದ್ರೂ ಸರಿ. ಎಡಿನ್‌ಬರಾ ನೋಡೋಕೆ ಹೋದಾಗ ನೆನಪಿಟ್ಕೊಳಿ.

ಕಾನೂನು ಹಾಗಿದ್ರೆ ಜನ ಹೇಗೆ ಅಂತ ಕೇಳ್ತೀರ. ಬಹುಪಾಲು ಜನ ನೋಡೋದೇ ಇಲ್ಲ. ಅಕಸ್ಮಾತ್ ಕಣ್ಣು ಬಿದ್ರೂ ತಕ್ಷಣ ಫೋನ್ ಕಡೆಗೋ ಕಿಟಕಿ ಕಡೆಗೋ ತಿರುಗಿಬಿಡ್ತಾರೆ, ಹೊಸದಾಗಿ ಬಂದವರಿಗೆ ಅದು ಅಸಹ್ಯ ಪಟ್ಕೊಂಡ್ರೇನೋ ಅನ್ನೋಹಾಗೆ ಕಾಣತ್ತೆ, ಹಾಗಲ್ಲ, ನಿಮ್ಮ ಪಾಡಿಗೆ ನಿಮ್ಮನ್ನ ಬಿಡ್ಬೇಕು ಅಂತ ಮಾಡೋದು ಅದು. ವಯಸ್ಸಾದ ಹೆಂಗಸರು ಕೆಲವರು ಹತ್ರ ಬಂದು ಎಷ್ಟು ತಿಂಗಳು ಅಂತ ಕೇಳಿ ನಕ್ಕು ಹೋಗ್ತಾರೆ. ಬಾಯಿ ಬಿಟ್ಟು ಬೈಯೋರು ಅಪರೂಪ. ಇಲ್ಲವೇ ಇಲ್ಲ ಅಂತ ಹೇಳಲ್ಲ, 2014ರ ಡಿಸೆಂಬರಲ್ಲಿ ಲಂಡನ್ನಿನ ಕ್ಲಾರಿಡ್ಜಸ್ ಅನ್ನೋ ದೊಡ್ಡ ಹೋಟೆಲಲ್ಲಿ ಒಬ್ಬ ತಾಯಿಗೆ ದೊಡ್ಡ ನ್ಯಾಪ್ಕಿನ್ ಕೊಟ್ಟು ಮುಚ್ಕೊಳಿ ಅಂದಿದ್ರು, ಅದು ಪೇಪರಲ್ಲೆಲ್ಲಾ ಬಂತು, ರಾಜಕಾರಣಿ ನೈಜಲ್ ಫರಾಜ್ ಬೇಕಾದ್ರೆ ಮೂಲೆಲಿ ಕೂತ್ಕೋಬೋದಲ್ಲಾ ಅನ್ನೋ ಥರ ಮಾತಾಡಿದ್ರು, ಅದಕ್ಕೆ ತಾಯಂದಿರು ಸೇರ್ಕೊಂಡು ಆ ಹೋಟೆಲ್ ಮುಂದೇನೇ ಕೂತು ಮಕ್ಕಳಿಗೆ ಹಾಲು ಕುಡಿಸಿ ಪ್ರತಿಭಟನೆ ಮಾಡಿದ್ರು. ಆವಾಗ್ಲೂ ಕಾನೂನು ಇತ್ತು. ಕಾನೂನು ಬಂದ ತಕ್ಷಣ ಎಲ್ರ ಕಣ್ಣೂ ಬದಲಾಗಲ್ಲ.

ಇದಕ್ಕೆ ಕಾರಣ ಏನು ಅಂದ್ರೆ, ನನ್ನ ಅಭಿಪ್ರಾಯ ಹೇಳ್ತೀನಿ, ಇಲ್ಲಿಯವರು ಎದೆಹಾಲು ಕುಡಿಸೋದನ್ನ ಕಣ್ಣಾರೆ ನೋಡಿ ಬೆಳೆದಿರೋದೇ ಕಮ್ಮಿ. 2010ರ ರಾಷ್ಟ್ರೀಯ ಸರ್ವೇಲಿ 81% ತಾಯಂದಿರು ಎದೆಹಾಲಿಂದಾನೇ ಶುರು ಮಾಡಿದ್ರು, ಆರು ತಿಂಗಳಿಗೆ ಬರೋಷ್ಟರಲ್ಲಿ ಸ್ವಲ್ಪನಾದ್ರೂ ಕುಡಿಸ್ತಿದ್ದವರು 34%, ಆರು ತಿಂಗಳ ತನಕ ಬರೀ ಎದೆಹಾಲಲ್ಲೇ ಇದ್ದವರು 1%. ಅಂದ್ರೆ ಮಗು ಎತ್ಕೊಂಡು ಊರು ಸುತ್ತೋಕೆ ಶುರು ಮಾಡೋ ಹೊತ್ತಿಗೆ ಸುಮಾರು ಜನ ಬಾಟಲಿಗೆ ಹೋಗಿರ್ತಾರೆ. ಕೆಲವು ಏರಿಯಾಗಳಲ್ಲಿ ಯಾರೂ ಕುಡಿಸೋದೇ ಕಾಣಲ್ಲ, ಕಾಣದೇ ಇರೋದನ್ನ ಕಂಡಾಗ ಜನಕ್ಕೆ ಕಸಿವಿಸಿ ಆಗತ್ತೆ, ಅವರ ಕಸಿವಿಸಿ ನೋಡಿ ಇನ್ನೊಬ್ಬ ತಾಯಿ ಮನೇಲೇ ಇದ್ಬಿಡ್ತಾಳೆ. ಅದಕ್ಕೇ ನೀವು ಹೊರಗಡೆ ಕೂತು ಕುಡಿಸಿದ್ರೆ ಪಕ್ಕದ ಟೇಬಲ್ಲಲ್ಲಿ ಇರೋ ಬಸುರಿ ಹೆಂಗಸಿಗೂ ಒಂದು ಧೈರ್ಯ ಬರತ್ತೆ, ಇದನ್ನ ನಾನು ಮನಸಾರೆ ನಂಬ್ತೀನಿ.

ಈಗ ನಿಜವಾಗ್ಲೂ ಎದುರಾಗೋ ವಿಷಯ. ಇಲ್ಲಿ ಎದ್ದು ಹೋಗಿ ಅಂತ ಯಾರೂ ನೇರವಾಗಿ ಅನ್ನಲ್ಲ, ಸಕ್ಕರೆ ಥರ ಹೇಳ್ತಾರೆ. ನನ್ನ ಮಗಳು ಚಿಕ್ಕವಳಿದ್ದಾಗ ಒಂದು ಕೆಫೆಲಿ ಕೂತಿದ್ದೆ, ಅವಳು ಅರ್ಧ ಕುಡಿದಿದ್ಲು, ಅಲ್ಲಿನ ಹುಡುಗಿ ಬಗ್ಗಿ ಮೆಲ್ಲಗೆ, ಹಿಂದ್ಗಡೆ ಬೇಬಿ ಚೇಂಜಿಂಗ್ ರೂಮ್ ಇದೆ, ನಿಮಗೆ ಅಲ್ಲಿ ಕಂಫರ್ಟಬಲ್ ಆಗಿರತ್ತೆ ಅಂದ್ಲು. ಎಷ್ಟು ನಯವಾಗಿ ಅಂದ್ರೆ ಉಪಕಾರ ಮಾಡ್ತಿದಾಳೆ ಅನ್ನಿಸ್ಬೇಕು. ಆ ರೂಮ್ ನಾನು ಆಗ್ಲೇ ನೋಡಿದ್ದೆ, ಡಯಾಪರ್ ಡಬ್ಬ ತುಂಬಿ ವಾಸನೆ, ಕೂರೋಕೆ ಕಮೋಡ್ ಬಿಟ್ರೆ ಏನಿಲ್ಲ, ಕೈ ಒಣಗಿಸೋ ಮಷಿನ್ ಗುರ್ ಅಂದ್ರೆ ಮಗು ಬೆಚ್ಚಿ ಬೀಳತ್ತೆ. ನಾನು, ಥ್ಯಾಂಕ್ಯೂ, ನಾವಿಲ್ಲೇ ಆರಾಮಾಗಿದೀವಿ ಅಂತ ನಗ್ತಾ ಹೇಳಿದೆ, ಅವಳು ಸರಿ ಅಂತ ಹೋದ್ಲು. ಅಷ್ಟೇ ಮಾತು. ಹಾಗೆ ಹೇಳೋರಲ್ಲಿ ಅರ್ಧ ಜನ ನಿಮಗೆ ನಾಚಿಕೆ ಆಗ್ತಿದೆಯೇನೋ ಅಂತ ನಿಜವಾಗ್ಲೂ ಸಹಾಯ ಮಾಡೋಕೇ ಬಂದಿರ್ತಾರೆ, ಉಳಿದವರು ಎಬ್ಬಿಸೋಕೆ ಬಂದಿರ್ತಾರೆ, ಎರಡಕ್ಕೂ ಉತ್ತರ ಒಂದೇ. ನಾವು ಹೊಸಬರು ಅಂತ ಸಂಕೋಚಕ್ಕೆ ಎದ್ದುಬಿಡ್ತೀವಲ್ಲ, ಅದೊಂದು ಬೇಡ. ಟಾಯ್ಲೆಟ್ಟಲ್ಲಿ ಕೂತು ಯಾರೂ ಊಟ ಮಾಡಲ್ಲ, ಮಗುನೂ ಮಾಡ್ಬೇಕಿಲ್ಲ. ಅವರು ಬಿಡದೇ ಹೇಳಿದ್ರೆ ಈಕ್ವಾಲಿಟಿ ಆಕ್ಟ್ ಅನ್ನೋ ಎರಡು ಪದ ಬಾಯಿಗೆ ಬರ್ಲಿ ಸಾಕು, ಆಮೇಲೆ ಮನೆಗೆ ಬಂದು ಅವರ ಹೆಡ್ ಆಫೀಸಿಗೆ ಒಂದು ಇಮೇಲ್ ಹಾಕಿ.

ಮುಚ್ಕೊಳೋದು ಬಿಡೋದು ನಿಮ್ಮಿಷ್ಟ. ಹಾಲು ಕುಡಿಸುವಾಗ ಮೇಲೆ ಹೊದ್ಕೊಳೋ ಬಟ್ಟೆ, ಕವರ್ ಅಂತಾರಲ್ಲ, ಅದನ್ನ ಹಾಕ್ಕೊಂಡ್ರೆ ಮನಸ್ಸಿಗೆ ಸಮಾಧಾನ ಅಂದ್ರೆ ಹಾಕ್ಕೊಳಿ, ಆದ್ರೆ ಐದು ತಿಂಗಳ ಮಗು ಕವರನ್ನ ಒಂದು ನಿಮಿಷ ಬಿಡಲ್ಲ, ಮುಷ್ಟೀಲಿ ಹಿಡ್ಕೊಂಡು ಎಳೆದು, ಎಲ್ಲಿ ಕಪ್ ಸದ್ದಾಯ್ತು ಅಂತ ಬಾಯಿ ಬಿಟ್ಟು ತಿರುಗತ್ತೆ, ಹೊರಗಿನವರಿಗೆ ಏನಾದ್ರೂ ಕಾಣೋದು ಅಂದ್ರೆ ಆ ಒಂದು ಕ್ಷಣನೇ. ಅದಕ್ಕಿಂತ ಒಳಗೆ ಒಂದು ಲೂಸ್ ಬನಿಯನ್ ಥರದ್ದು, ಮೇಲೆ ಸ್ವೆಟರ್, ಸ್ವೆಟರ್ ಮೇಲಕ್ಕೆ ಎತ್ತಿ ಬನಿಯನ್ ಕೆಳಕ್ಕೆ ಜಗ್ಗಿದ್ರೆ ಹೊಟ್ಟೆ ಬೆನ್ನು ಎರಡೂ ಮುಚ್ಚಿರತ್ತೆ, ಚಳೀನೂ ತಾಗಲ್ಲ, ಉಳಿದಿದ್ದಕ್ಕೆ ಮಗು ತಲೆನೇ ಅಡ್ಡ ಇರತ್ತೆ. ಮನೇಲಿ ಕನ್ನಡಿ ಮುಂದೆ ಕೂತು ಒಂದ್ಸಲ ಮಾಡಿ ನೋಡಿ, ಎಷ್ಟು ಕಮ್ಮಿ ಕಾಣತ್ತೆ ಅಂತ ನಿಮಗೇ ಆಶ್ಚರ್ಯ ಆಗತ್ತೆ. ಜಾಗ ಅಂದ್ರೆ ನನ್ನ ಪ್ರಕಾರ ಲೈಬ್ರರಿ ಬೆಸ್ಟ್, ಬೆಚ್ಚಗಿರತ್ತೆ, ಏನೂ ಕೊಳ್ಳಬೇಕಾಗಿಲ್ಲ, ಮಕ್ಕಳ ಸೆಕ್ಷನ್ನಲ್ಲಿ ತಾಯಂದಿರೇ ಇರ್ತಾರೆ. ಬಸ್ಸಲ್ಲಿ ಕೂತಾಗ ಮಾತ್ರ ಕುಡಿಸಿ, ಬ್ರೇಕ್ ಜೋರಾಗಿ ಹಾಕ್ತಾರೆ.

ಫೋಟೋ ಬಗ್ಗೆ ನಿಮ್ಮ ಯಜಮಾನ್ರು ಭಯ ಪಟ್ಟಿದಾರೆ ಅಂದ್ರಿ, ಅದು ಸುಮ್ನೆ ಭಯ ಅಲ್ಲ. ಮ್ಯಾಂಚೆಸ್ಟರ್ ಕಡೆ ಪಾರ್ಕಲ್ಲಿ ಒಬ್ಬ ತಾಯಿ ಹಾಲು ಕುಡಿಸ್ತಿದ್ದಾಗ ಯಾರೋ ಲೆನ್ಸ್ ಹಾಕಿ ಫೋಟೋ ತೆಗೆದ, ಪೊಲೀಸರ ಹತ್ರ ಹೋದ್ರೆ ಇದಕ್ಕೆ ಕಾನೂನಿಲ್ಲ ಅಂದ್ರು. ಎಂಪಿ ಸ್ಟೆಲ್ಲಾ ಕ್ರೀಸಿಗೂ ಟ್ರೇನಲ್ಲಿ ಇಂಥದ್ದೇ ಆಗಿತ್ತು. ಆ ತಾಯಿ, ಈ ಎಂಪಿ ಎಲ್ಲಾ ಸೇರಿ ಹೋರಾಡಿ 2022ರಲ್ಲಿ ಇಂಗ್ಲೆಂಡ್ ವೇಲ್ಸ್‌ಗೆ ಕಾನೂನು ಬಂತು, ಒಪ್ಪಿಗೆ ಇಲ್ಲದೆ ಕಾಮದ ಉದ್ದೇಶಕ್ಕೋ ಅವಮಾನ ಮಾಡೋಕೋ ಹಾಗೆ ಫೋಟೋ ವಿಡಿಯೋ ತೆಗೆದ್ರೆ ಎರಡು ವರ್ಷ ತನಕ ಜೈಲು. ಯಾರಾದ್ರೂ ಫೋನ್ ಎತ್ತಿದ್ರೆ ನೀವು ತಲೆ ತಗ್ಗಿಸ್ಬೇಡಿ, ಜೋರಾಗಿ ಕೇಳಿ, ಪೊಲೀಸಿಗೆ ಹೇಳಿ.

ಆಮೇಲೆ ಒಂದು ಮಾತು, ಬೇಜಾರ್ ಮಾಡ್ಕೋಬೇಡಿ. ಈ ದೇಶದಲ್ಲಿ ನನಗೆ ಮುಚ್ಕೋ, ಒಳಗೆ ಹೋಗು ಅಂತ ಹೆಚ್ಚು ಹೇಳಿದ್ದು ಇಲ್ಲಿಯವರಲ್ಲ, ನಮ್ಮವರೇ. ಯಾರದ್ದಾದ್ರೂ ಮನೇಲಿ ಸೇರಿದ್ರೆ ಬಾಣಂತಿನ ಮಹಡಿ ಮೇಲಿನ ರೂಮಿಗೆ ಕಳಿಸಿಬಿಡ್ತಾರೆ, ಕೆಳಗೆ ಎಲ್ರೂ ನಗ್ತಾ ಉಣ್ತಿರ್ತಾರೆ, ಅವಳೊಬ್ಬಳೇ ಕೋಟುಗಳ ರಾಶಿ ಬಿದ್ದಿರೋ ಮಂಚದ ಮೇಲೆ ಗೋಡೆ ನೋಡ್ಕೊಂಡು ಕೂತಿರ್ತಾಳೆ. ಮನೆಯವರು, ಬಂಧು ಬಳಗ ಯಾರೂ ಹತ್ರ ಇಲ್ಲದ ದೇಶದಲ್ಲಿ ಚಿಕ್ಕ ಮಗು ಇರೋಳನ್ನ ಹಾಗೆ ಒಂಟಿ ಮಾಡೋದು ನಂಗೆ ಸಂಕಟ ಆಗತ್ತೆ. ನಿಮ್ಮ ಯಜಮಾನ್ರಿಗೆ ಈಗ್ಲೇ ಹೇಳಿ, ಹೊರಗೆ ಹೊರಡೋ ಮುಂಚೆ ಕುಡಿಸ್ಬಿಡು ಅನ್ನೋದು ಪರಿಹಾರ ಅಲ್ಲ, ಐದು ತಿಂಗಳ ಮಗು ಗಡಿಯಾರ ನೋಡಲ್ಲ. ಅವರು ಪಕ್ಕದಲ್ಲಿ ಕೂತು, ನೀರು ತಂದುಕೊಟ್ಟು, ಯಾರಾದ್ರೂ ಏನಾದ್ರೂ ಅಂದ್ರೆ ತಾವೇ ಉತ್ತರ ಕೊಟ್ರೆ ನಿಮ್ಮ ಅರ್ಧ ಭಯ ಹೋಗತ್ತೆ.

ಕೆಲಸಕ್ಕೆ ಸೇರಿದ್ಮೇಲಿನ ಕಥೆ ಬೇರೆ. ಆಫೀಸಲ್ಲಿ ಹಾಲುಣಿಸೋ ತಾಯಿಗೆ ವಿಶ್ರಾಂತಿಗೆ ಜಾಗ ಕೊಡ್ಲೇಬೇಕು, ಹಾಲು ಹಿಂಡೋಕೆ ಟಾಯ್ಲೆಟ್ ತೋರಿಸೋಹಾಗಿಲ್ಲ, ಆದ್ರೆ ಅದಕ್ಕಂತ ಬ್ರೇಕ್ ಕೊಡ್ಬೇಕು ಅನ್ನೋ ಹಕ್ಕು ಕಾನೂನಲ್ಲಿ ನೇರವಾಗಿ ಇಲ್ಲ, ಅದಕ್ಕೆ ಸೇರೋ ಮುಂಚೇನೇ ಬರವಣಿಗೆಯಲ್ಲಿ ತಿಳಿಸಿಬಿಡಿ.

ಬಂದ ತಕ್ಷಣ ಜಿಪಿ, ಅಂದ್ರೆ ನಿಮ್ಮ ಏರಿಯಾದ ಡಾಕ್ಟರ್ ಹತ್ರ ರಿಜಿಸ್ಟರ್ ಮಾಡ್ಸಿ, ಹೆಲ್ತ್ ವಿಸಿಟರ್, ಅಂದ್ರೆ ಚಿಕ್ಕ ಮಕ್ಕಳನ್ನ ನೋಡ್ಕೊಳೋ ನರ್ಸ್ ಬೇಕು ಅಂತ ನೀವಾಗೇ ಕೇಳಿ, ಹೊಸದಾಗಿ ಬಂದವರು ಅಂತ ಅವರಿಗೆ ತಾನಾಗೇ ಗೊತ್ತಾಗದೇ ಹೋಗ್ಬೋದು. ಎದೆಹಾಲು ಕುಡಿಸೋ ಮಕ್ಕಳಿಗೆ ಇಲ್ಲಿ ವಿಟಮಿನ್ ಡಿ ಹನಿ ದಿನಾ ಕೊಡಿ ಅಂತ ಎನ್‌ಎಚ್‌ಎಸ್, ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಹೇಳತ್ತೆ, ಅದನ್ನೂ ಅವರ ಹತ್ರಾನೇ ಕೇಳಿ. ನಿಮ್ಮ ಏರಿಯಾದಲ್ಲಿ ಬ್ರೆಸ್ಟ್‌ಫೀಡಿಂಗ್ ಗ್ರೂಪ್ ಎಲ್ಲಿ ಸೇರತ್ತೆ ಅಂತಾನೂ ಅವರೇ ಹೇಳ್ತಾರೆ. ಹೊರಗಡೆ ಮೊದಲ ಸಲ ಕುಡಿಸೋದು ಅಲ್ಲೇ ಆಗ್ಲಿ, ಸುತ್ತ ಎಲ್ರೂ ಅದನ್ನೇ ಮಾಡ್ತಿರ್ತಾರೆ, ಅಲ್ಲಿಂದ ಒಬ್ಬಳು ಸ್ನೇಹಿತೆನ ಜೊತೆ ಮಾಡ್ಕೊಂಡು ಕೆಫೆಗೆ ಹೋಗಿ. ರಾತ್ರಿ ಹಾಲಿನ ವಿಷಯದಲ್ಲಿ ಏನಾದ್ರೂ ಗಾಬರಿ ಆದ್ರೆ ನನಗೂ ಬರೀರಿ, ಎಚ್ಚರ ಇದ್ರೆ ಆವಾಗ್ಲೇ ಉತ್ತರ ಕೊಡ್ತೀನಿ.