ಗಾರ್ಸಿಯಾ ಅನ್ನೋ ಅಡ್ಡಹೆಸರು (ಮನೆತನದ ಹೆಸರು) ಎಲ್ಲಿಂದ ಬಂತು? ಎಷ್ಟು ಜನಕ್ಕಿದೆ?

ಗಾರ್ಸಿಯಾ ಮೊದಲು ಅಡ್ಡಹೆಸರೇ ಆಗಿರಲಿಲ್ಲ, ಗಂಡುಮಕ್ಕಳಿಗೆ ಇಡುವ ಹೆಸರಾಗಿತ್ತು. ಉತ್ತರ ಸ್ಪೇನಿನ ಪಾಂಪ್ಲೋನಾದಲ್ಲಿ 9ನೇ ಶತಮಾನದಲ್ಲೇ ಈ ಹೆಸರಿನ ರಾಜ ಇದ್ದ. ಮೂಲ ಆ ಭಾಗದ ಬಾಸ್ಕ್ ಭಾಷೆ ಎನ್ನುವವರೇ ಜಾಸ್ತಿ. ಅಲ್ಲಿ ‘ಹಾರ್ಟ್ಸ್’ ಅಂದರೆ ಕರಡಿ, ‘ಗಾಸ್ತೆ’ ಅಂದರೆ ಎಳೆಯ. ಇವೆರಡರಲ್ಲಿ ಯಾವುದರಿಂದ ಬಂತು ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಸ್ಪೇನಿನಲ್ಲಿ ಇವತ್ತು ಇದೇ ನಂಬರ್ ಒನ್. ನೂರರಲ್ಲಿ ಸುಮಾರು 3 ಜನರ ಮೊದಲ ಅಡ್ಡಹೆಸರು ಗಾರ್ಸಿಯಾ. ‘ಮೊದಲ’ ಯಾಕೆ ಅಂದರೆ, ಅಲ್ಲಿ ಒಬ್ಬೊಬ್ಬರಿಗೂ ಎರಡೆರಡು. ರೂಢಿಯಲ್ಲಿ ಮೊದಲು ಅಪ್ಪನದು, ಆಮೇಲೆ ಅಮ್ಮನದು. ಕೊಲಂಬಿಯಾದ ಲೇಖಕ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಅವರನ್ನೇ ನೋಡಿ. ನಾವು ಸುಮ್ನೆ ‘ಮಾರ್ಕೆಸ್’ ಅಂದುಬಿಡುತ್ತೇವೆ, ಅದು ಅವರ ಅಮ್ಮನ ಕಡೆಯ ಹೆಸರು!

ಅಮೆರಿಕದ 2010ರ ಜನಗಣತಿಯಲ್ಲಿ ಗಾರ್ಸಿಯಾ 6ನೇ ಸ್ಥಾನದಲ್ಲಿತ್ತು, ಸುಮಾರು 11.66 ಲಕ್ಷ ಜನ.