ದೀಪಗಳು ಮಾತಾಡಿದರೆ ನಿಮಗೇನು ತೊಂದರೆ, ಮೇಷ್ಟ್ರೇ?

ಮಳವಳ್ಳಿಯಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಪತ್ರ ಉದ್ದವಾಗಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಸಾರಾಂಶ ಇಷ್ಟು:

“ನಮ್ಮ ಓದುಗರ ಬಳಗದಲ್ಲಿ ಈ ತಿಂಗಳು ದೇವನೂರ ಮಹಾದೇವರ ‘ಕುಸುಮಬಾಲೆ’ ಓದಿದೆವು. ಜಗಳವೇ ಆಯಿತು. ಬ್ಯಾಂಕಿನಲ್ಲಿದ್ದ ಗೆಳೆಯರೊಬ್ಬರು ಇಪ್ಪತ್ತು ಪುಟಕ್ಕೇ ಪುಸ್ತಕ ಮುಚ್ಚಿದರು. ‘ದೀಪಗಳು ಕೂತು ಮಾತಾಡುತ್ತವಂತೆ, ಇದೇನು ಮಕ್ಕಳ ಕತೆಯಾ?’ ಅಂದರು. ಕಾಲೇಜಿನ ಹುಡುಗಿಯೊಬ್ಬಳು ಇದು ಫ್ಯಾಂಟಸಿ, ಕೊಲಂಬಿಯಾದ ಕಾದಂಬರಿಕಾರ ಮಾರ್ಕ್ವೆಜ್ ಥರ ಅಂದಳು. ನಂಜನಗೂಡು ಕಡೆಯಿಂದ ಸೊಸೆಯಾಗಿ ಬಂದ ತಾಯಿಯೊಬ್ಬರು ಎರಡು ಪುಟ ಜೋರಾಗಿ ಓದಿ ತೋರಿಸಿದರು. ಆಗ ಮಾತ್ರ ಎಲ್ಲರೂ ಕಿವಿ ಕೊಟ್ಟೆವು. ನನಗಂತೂ ಗೊಂದಲ. ಇದು ಕಾದಂಬರಿಯೋ, ಪದ್ಯವೋ, ದೆವ್ವದ ಕತೆಯೋ, ಸಾಮಾಜಿಕ ಕತೆಯೋ? ಒಂದು ಕೊಲೆಯ ವಿಚಾರ ಹೇಳಬೇಕಿದ್ದರೆ ನೇರವಾಗಿ ಹೇಳಬಾರದಿತ್ತೇ? ಸಂಪಾದಕರು ತೀರ್ಪು ಕೊಡಬೇಕು.”

ಮೇಷ್ಟ್ರೇ, ಮೊದಲು ನಿಮ್ಮ ಬ್ಯಾಂಕ್ ಗೆಳೆಯರ ಪರವಾಗಿ ಎರಡು ಮಾತು. ಪುಸ್ತಕ ಸುಲಭದ್ದಲ್ಲ. ನಂಜನಗೂಡು ಸೀಮೆಯ ಆಡುಮಾತು ಮಂಡ್ಯದವರಾದ ನಮಗೇ ಅಲ್ಲಲ್ಲಿ ತಡೆಯುತ್ತದೆ. ಇನ್ನು ಧಾರವಾಡದವರ ಪಾಡು ಕೇಳಬೇಡಿ. ಪಾತ್ರಗಳು ತಮ್ಮ ಪರಿಚಯ ಹೇಳಿಕೊಂಡು ಬರುವುದಿಲ್ಲ. ಮತ್ತೆ, ಬಗೆಬಗೆಯ ಕತೆಗಳನ್ನು ಬೆರಕೆ ಮಾಡಿದ್ದೆಲ್ಲ ಚೆನ್ನಾಗಿರುತ್ತೆ ಅಂತಲೂ ಇಲ್ಲ. ನಮ್ಮ ಕಚೇರಿಗೆ ಬರುವ ಕತೆಗಳಲ್ಲಿ ವಿಜಯನಗರದ ಸೈನಿಕ, ಬೇರೆ ಗ್ರಹದ ಜೀವಿ, ಬೆಂಗಳೂರಿನ ಐಟಿ ಹುಡುಗಿ ಮೂವರೂ ಒಂದೇ ಪುಟದಲ್ಲಿ ಸಿಗುತ್ತಾರೆ. ಓದಿ ಮುಗಿಸಿದ ಮೇಲೆ ಮೂವರಲ್ಲಿ ಒಬ್ಬರ ಮುಖವೂ ನೆನಪಿರುವುದಿಲ್ಲ. ಅಷ್ಟು ಒಪ್ಪಿದೆ.

ಆದರೆ ‘ಮಕ್ಕಳ ಕತೆ’ ಅಂದರಲ್ಲ, ಅಲ್ಲಿ ನನಗೆ ಸಿಟ್ಟು ಬಂತು.

ಮಾತಾಡುವ ಆ ದೀಪಗಳು, ಅಂದರೆ ಜೋತಮ್ಮಗಳು, 1984ರಲ್ಲಿ ಮಹಾದೇವರ ಟೇಬಲ್ಲಿನ ಮೇಲೆ ಹುಟ್ಟಿದವಲ್ಲ. ಅವು ನಮ್ಮ ಅಜ್ಜಿಯರ ಬಾಯಲ್ಲಿ ಎಷ್ಟೋ ಕಾಲದಿಂದ ಇದ್ದವು. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅಂಥ ಒಂದು ಕನ್ನಡ ಕತೆಯನ್ನು ಎತ್ತಿಕೊಂಡು ಇಂಗ್ಲಿಷಿಗೂ ಕೊಟ್ಟರು. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿರುತ್ತದೆ. ಯಾರಿಗೂ ಹೇಳುವುದಿಲ್ಲ. ಒಳಗಿದ್ದು ಉಸಿರುಕಟ್ಟಿದ ಕತೆ, ಹಾಡು ಎರಡೂ ಅವಳು ಮಲಗಿದಾಗ ಆಚೆ ಬಂದುಬಿಡುತ್ತವೆ. ಕತೆ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿಯಾಗುತ್ತದೆ, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬೀಳುತ್ತದೆ. ಗಂಡ ಬಂದು ನೋಡುತ್ತಾನೆ. ಯಾರು ಬಂದಿದ್ದರು ಅಂತ ಜಗಳ. ಸಿಟ್ಟಿನಲ್ಲಿ ಕಂಬಳಿ ತಗೊಂಡು ಹನುಮಪ್ಪನ ಗುಡಿಗೆ ಮಲಗಲು ಹೋಗುತ್ತಾನೆ. ಊರಿನ ಮನೆಗಳಲ್ಲಿ ಆರಿಸಿದ ದೀಪಗಳೆಲ್ಲ ರಾತ್ರಿ ಆ ಗುಡಿಗೆ ಬಂದು ಸೇರುತ್ತವೆ. ಒಂದು ಮಾತ್ರ ತಡವಾಗಿ ಬರುತ್ತದೆ. ಯಾಕೆ ತಡ ಅಂದರೆ, ‘ನಮ್ಮ ಮನೆಯಲ್ಲಿ ಗಂಡ ಹೆಂಡತಿ ಜಗಳ’ ಅಂತ ನಡೆದದ್ದನ್ನೆಲ್ಲ ಹೇಳುತ್ತದೆ. ಗಂಡ ಕೇಳಿಸಿಕೊಂಡ. ಮನೆಗೆ ಬಂದು ಹೆಂಡತಿಯನ್ನು ಕೇಳಿದ. ಅಷ್ಟರಲ್ಲಿ ಅವಳಿಗೆ ಕತೆಯೂ ಮರೆತಿತ್ತು, ಹಾಡೂ ಮರೆತಿತ್ತು.

ಈಗ ಹೇಳಿ, ಮಕ್ಕಳಿಗೆ ಇದರಲ್ಲಿ ಎಷ್ಟು ಅರ್ಥವಾಗುತ್ತೆ? ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಅರ್ಥವಾಗುವ ಕತೆ ಇದು. ಗಿರೀಶ ಕಾರ್ನಾಡರು ಇವೇ ದೀಪಗಳನ್ನು 1988ರಲ್ಲಿ ‘ನಾಗಮಂಡಲ’ದ ಪಾಳುಗುಡಿಗೆ ಕರೆತಂದರು. ನಾಟಕದಲ್ಲಿ ದೀಪ ಮಾತಾಡಿದರೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ, ಕಾದಂಬರಿಯಲ್ಲಿ ಮಾತಾಡಿದರೆ ಪುಸ್ತಕ ಮುಚ್ಚುತ್ತಾರೆ. ಇದ್ಯಾವ ನ್ಯಾಯ?

ನೇರವಾಗಿ ಹೇಳಬಾರದಿತ್ತೇ ಅಂತ ಕೇಳಿದಿರಿ. ದಲಿತರ ಹುಡುಗ ಚೆನ್ನ, ಮೇಲ್ಜಾತಿಯ ಕುಸುಮ. ಪ್ರೀತಿ ಮಾಡಿದ್ದಕ್ಕೆ ಹುಡುಗ ಕೊಲೆಯಾಗುತ್ತಾನೆ. ನೇರವಾಗಿ ಹೇಳಬೇಕಾದರೆ ಸಾಕ್ಷಿ ಬೇಕು ಮೇಷ್ಟ್ರೇ. ನಮ್ಮ ಊರುಗಳಲ್ಲಿ ಇಂಥ ಕೊಲೆಗೆ ಯಾರು ಸಾಕ್ಷಿ ಹೇಳುತ್ತಾರೆ? ಕಂಡವರೆಲ್ಲ ‘ನಾವು ಅವತ್ತು ಊರಲ್ಲಿರಲಿಲ್ಲ’ ಅನ್ನುತ್ತಾರೆ. ದೀಪ ಹಾಗಲ್ಲ. ದೊಡ್ಡ ಮನೆಯಲ್ಲೂ ಇರುತ್ತದೆ, ಕೇರಿಯ ಗುಡಿಸಿಲಲ್ಲೂ ಇರುತ್ತದೆ. ಮನುಷ್ಯರು ಒಂದೇ ಜಗಲಿಯಲ್ಲಿ ಕೂರದ ಊರಲ್ಲಿ ದೀಪಗಳು ಒಟ್ಟಿಗೆ ಕೂತು ಒಬ್ಬರ ಮನೆ ಸುದ್ದಿ ಒಬ್ಬರಿಗೆ ಹೇಳುತ್ತವೆ. ಪೊಲೀಸರ ಮಹಜರಿನಲ್ಲಿ ಬರೆಯಲಾಗದ್ದು ಅಲ್ಲಿ ಆಚೆ ಬರುತ್ತದೆ. ಈ ಪುಸ್ತಕದಲ್ಲಿ ನಂಬಲು ಕಷ್ಟವಾದ ಭಾಗ ಅಂದರೆ ಮನುಷ್ಯರದ್ದು, ದೀಪಗಳದ್ದಲ್ಲ. ಗೆರೆ ದಾಟಿದ್ದಕ್ಕೆ ಸತ್ತ ಹುಡುಗನ ಕತೆಗೆ ‘ನೀನು ಗೆರೆಯೊಳಗೇ ಇರು’ ಅಂತ ನಾವು ಹೇಳಬೇಕೇ?

ಕಾಲೇಜಿನ ಹುಡುಗಿಗೆ ನನ್ನ ಶುಭಾಶಯ ತಿಳಿಸಿ. ಓದಿಕೊಂಡಿದ್ದಾಳೆ, ಸಂತೋಷ. ಆದರೆ ಒಂದು ಮಾತು ಕಿವಿಗೆ ಹಾಕಿ. ಆ ಮಾರ್ಕ್ವೆಜ್ ಮಹಾಶಯರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ: ಅಸಂಭವವಾದದ್ದನ್ನು ಮುಖ ಒಂದಿಷ್ಟೂ ಬದಲಿಸದೆ ಹೇಳುವುದನ್ನು ಕಲಿತದ್ದು ತನ್ನ ಅಜ್ಜಿಯಿಂದ ಅಂತ. ಅಜ್ಜಿ ಕೊಲಂಬಿಯಾದ ಅರಕಾಟಕದಲ್ಲಿದ್ದರೂ ಒಂದೇ, ನಮ್ಮ ಶ್ರೀರಂಗಪಟ್ಟಣದ ಪಕ್ಕದ ಅರಕೆರೆಯಲ್ಲಿದ್ದರೂ ಒಂದೇ. ಅವರು ತಮ್ಮ ಅಜ್ಜಿಯನ್ನು ನೆನೆದು ನೊಬೆಲ್ ತಗೊಂಡರು. ನಾವು ನಮ್ಮ ಅಜ್ಜಿಯ ಕತೆ ಕೇಳಿ ‘ಮಾರ್ಕ್ವೆಜ್ ಥರ’ ಅನ್ನುತ್ತೇವೆ.

ಇಷ್ಟಕ್ಕೂ ಈ ಪ್ರಶ್ನೆ ಮಳವಳ್ಳಿಯಿಂದ ಬಂತಲ್ಲ ಅನ್ನುವುದೇ ನನಗೆ ಆಶ್ಚರ್ಯ. ನಿಮ್ಮ ತಾಲೂಕಿನ ಹಲಗೂರು ಎಲ್ಲಿದೆ? ಕನಕಪುರದ ರಸ್ತೆಯಲ್ಲಿ. ಎಷ್ಟು ಸಲ ಅಲ್ಲಿ ಬಸ್ಸು ನಿಲ್ಲಿಸಿಕೊಂಡು ಟೀ ಕುಡಿದಿದ್ದೀರೋ. ಮಂಟೇಸ್ವಾಮಿಯ ಜನಪದ ಕಾವ್ಯದಲ್ಲಿ ಒಂದು ಇಡೀ ಸಾಲು, ಅಂದರೆ ಒಂದು ಇಡೀ ಭಾಗ, ನಡೆಯುವುದು ಆ ಊರಲ್ಲೇ. ಗುರು ಮಂಟೇಸ್ವಾಮಿ ಕಳಿಸಿದ ಅಂತ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ ಹತ್ತಿರ ಕಬ್ಬಿಣದ ಭಿಕ್ಷೆ ಕೇಳಲು ಹೋಗುತ್ತಾನೆ. ಅವನೂ ಕುಲುಮೆಯವರ ಮನೆಯ ಹುಡುಗನೇ. ಅವರು ಕೊಡುವುದಿಲ್ಲ. ಪರೀಕ್ಷೆ ಮೇಲೆ ಪರೀಕ್ಷೆ, ಹಿಂಸೆ ಮೇಲೆ ಹಿಂಸೆ. ಎಲ್ಲವನ್ನೂ ಗೆದ್ದು ಅವನು ಕಬ್ಬಿಣ ತರುತ್ತಾನೆ. ಪವಾಡವೂ ಇದೆ, ಊರೂ ಇದೆ, ಕಸುಬಿನವರ ಗತ್ತು, ಬಡವನ ಹಟ, ಗುರುವಿನ ಮೇಲಿನ ಮುನಿಸು ಎಲ್ಲವೂ ಇದೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುತ್ತಾರೆ. ಹಾಡುತ್ತಾ ಹಾಡುತ್ತಾ ಮಾತಿಗೆ ಇಳಿಯುತ್ತಾರೆ, ಮಾತಿನಿಂದ ಮತ್ತೆ ಹಾಡಿಗೆ ಏರುತ್ತಾರೆ. ಎಲ್ಲಿ ಗದ್ಯ ಮುಗಿಯಿತು, ಎಲ್ಲಿ ಪದ್ಯ ಶುರುವಾಯಿತು ಅಂತ ಕೂತು ಕೇಳುವವರು ಯಾರೂ ಲೆಕ್ಕ ಇಡುವುದಿಲ್ಲ. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಗದ್ದುಗೆಯೂ ನಿಮ್ಮ ತಾಲೂಕಿನದೇ. ಅಲ್ಲಿಗೆ ನಡೆದುಕೊಂಡು ಬರುವ ಒಕ್ಕಲುಗಳಿಗೆ ‘ಇದು ಫ್ಯಾಂಟಸಿಯೋ, ಚರಿತ್ರೆಯೋ’ ಅಂತ ಕೇಳಿ ನೋಡಿ. ನಿಮ್ಮನ್ನೇ ಮೇಲಿಂದ ಕೆಳಗೆ ನೋಡುತ್ತಾರೆ.

ಮಾದಪ್ಪನ, ಅಂದರೆ ಮಲೆ ಮಹದೇಶ್ವರನ ಕಾವ್ಯವೂ ಹಾಗೇ. ಜೇನು ಕೀಳಲು ಕಾಡಿಗೆ ಹೊರಟ ನೀಲೇಗೌಡ, ಹೆಂಡತಿ ಸಂಕಮ್ಮನ ಮೇಲೆ ಅನುಮಾನಪಟ್ಟು ಆಣೆ ಕೇಳುತ್ತಾನೆ, ಅವಳು ಒಪ್ಪದಿದ್ದಾಗ ಹಿಂಸೆ ಕೊಟ್ಟು ಕೂಡಿಹಾಕಿ ಹೋಗುತ್ತಾನೆ. ಹುಲಿ ಏರುವ ದೇವರು ಬಂದು ಅವಳನ್ನು ಕಾಪಾಡುತ್ತಾನೆ. ಅನುಮಾನದ ಗಂಡ ನಿಜ, ಹುಲಿ ಏರಿದ ದೇವರೂ ಅಷ್ಟೇ ನಿಜ. ಆ ಕಾವ್ಯ ಹಾಡುವ ಕಂಸಾಳೆಯವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ‘ಕುಸುಮಬಾಲೆ’ ಬರೆದವರು ಈ ಸೀಮೆಯ ಗಾಳಿಯಲ್ಲೇ ಬೆಳೆದವರು ಅಲ್ವಾ?

ಇದೆಲ್ಲ ಜಾನಪದದ ಮಾತಾಯಿತು, ಶಿಷ್ಟ ಸಾಹಿತ್ಯದಲ್ಲಿ ಹೀಗಿಲ್ಲ ಅಂತ ನಿಮ್ಮ ಬಳಗದಲ್ಲಿ ಯಾರಾದರೂ ಅನ್ನಬಹುದು. ಪಂಪ 941ರಲ್ಲಿ ಬರೆದ ಭಾರತದಲ್ಲಿ ಅರ್ಜುನನೂ ತನ್ನ ದೊರೆ ಅರಿಕೇಸರಿಯೂ ಒಬ್ಬನೇ. ಪದ್ಯವೂ ಗದ್ಯವೂ ಬೆರೆತ ಚಂಪು ಅದು. 1209ರಲ್ಲಿ ಜನ್ನ ‘ಯಶೋಧರ ಚರಿತೆ’ಯಲ್ಲಿ ಬರೆದದ್ದೇನು? ಹಾಡು ಕೇಳಿ ಕುರೂಪಿ ಮಾವುತನಿಗೆ ಮನಸೋತ ರಾಣಿ. ಗೊತ್ತಾದ ರಾಜ. ಹಿಟ್ಟಿನ ಕೋಳಿಯನ್ನು ಬಲಿ ಕೊಡು ಅನ್ನುವ ತಾಯಿ. ಆ ಹಿಟ್ಟಿನ ಕೋಳಿ ಕತ್ತಿ ಬಿದ್ದಾಗ ಕೂಗುತ್ತದೆ! ಆಮೇಲೆ ವಿಷ, ಸಾವು, ರಾಜನೂ ತಾಯಿಯೂ ನವಿಲು, ನಾಯಿ ಅಂತ ಪ್ರಾಣಿಯಾಗಿ ಹುಟ್ಟಿ ಹುಟ್ಟಿ ಸಾಯುವುದು. ಇಂಥದ್ದನ್ನು ಇವತ್ತು ಯಾರಾದರೂ ಹುಡುಗ ಬರೆದು ತಂದರೆ ‘ಏನಪ್ಪಾ ಇದು, ಕ್ರೈಮೋ, ಹಾರರೋ?’ ಅಂತ ಪ್ರಕಾಶಕರು ವಾಪಸ್ ಕಳಿಸುತ್ತಾರೆ. ಹೊಯ್ಸಳರ ಕಾಲದಲ್ಲಿ ಜನ್ನನಿಗೆ ಕವಿಚಕ್ರವರ್ತಿ ಅನ್ನುವ ಬಿರುದು ಸಿಕ್ಕಿತು.

ಪ್ರಕಾಶಕರನ್ನು ಸುಮ್ನೆ ಬೈದು ಏನು ಪ್ರಯೋಜನ ಅನ್ನಬೇಡಿ. ಬೈಯಬೇಕಾದವರು ಬಹಳ ಜನ ಇದ್ದಾರೆ. ಮೈಸೂರಿನ ಒಂದು ಪುಸ್ತಕದಂಗಡಿಯಲ್ಲಿ ಮಂಟೇಸ್ವಾಮಿ ಕಾವ್ಯ ಕೇಳಿದೆ. ಅಂಗಡಿಯ ಹುಡುಗ ವ್ರತಕತೆ, ಪೂಜಾವಿಧಾನಗಳ ಕಪಾಟು ತೋರಿಸಿದ. ಅವನ ತಪ್ಪಲ್ಲ, ಪಟ್ಟಿ ಮಾಡಿಟ್ಟವರ ತಪ್ಪು. ಅದೇ ಅಂಗಡಿಯ ಬಾಗಿಲಲ್ಲೇ ಡ್ರ್ಯಾಗನ್ ಚಿತ್ರದ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳು, ‘ಫ್ಯಾಂಟಸಿ’ ಅಂತ ಬೋರ್ಡು. ಮಕ್ಕಳು ಅವನ್ನೂ ಓದಲಿ, ನನ್ನ ತಕರಾರಿಲ್ಲ. ಆದರೆ ಬೆಂಕಿ ಉಗುಳುವ ಹಾವಿಗೆ ಬಾಗಿಲಲ್ಲಿ ಜಾಗ, ಮಾದಪ್ಪನ ಹುಲಿಗೆ ಊದುಬತ್ತಿ ಪಕ್ಕದಲ್ಲಿ ಜಾಗ ಅಂದರೆ ಹೊಟ್ಟೆ ಉರಿಯುತ್ತದೆ.

ಪ್ರಶಸ್ತಿಗಳ ಅರ್ಜಿ ನೋಡಿದ್ದೀರಾ? ಕಾದಂಬರಿ, ಸಣ್ಣಕತೆ, ಕವನ, ನಾಟಕ, ಜಾನಪದ, ಇತರೆ. ಒಂದಕ್ಕೆ ಮಾತ್ರ ಗುರುತು ಹಾಕಿ ಅಂತ ಸೂಚನೆ ಬೇರೆ. ಎಲ್ಲಕ್ಕೂ ಗುರುತು ಹಾಕಿ ಕಳಿಸಿದ ಲೇಖಕರೊಬ್ಬರ ಅರ್ಜಿ ‘ಅಪೂರ್ಣ’ ಅಂತ ಹಿಂದೆ ಬಂದದ್ದು ನನಗೆ ಗೊತ್ತು. ಸಾಹಿತ್ಯದ ಸಭೆಗಳಲ್ಲೂ ಇದೇ ಹಾಡು. ಬೆಳಿಗ್ಗೆ ಕಾದಂಬರಿಯ ಬಗ್ಗೆ ಗೋಷ್ಠಿ, ಅಲ್ಲಿ ಪ್ರಬಂಧ ಓದುವವರು. ನೀಲಗಾರರಿಗೆ ಸಂಜೆ ಊಟದ ಹೊತ್ತಿಗೆ, ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ಹತ್ತು ನಿಮಿಷ. ರಾತ್ರಿಯೆಲ್ಲ ಹಾಡುವ ಕಾವ್ಯಕ್ಕೆ ಹತ್ತು ನಿಮಿಷ! ನಮ್ಮ ಮಂಡ್ಯದಲ್ಲಿ 2024ರ ಡಿಸೆಂಬರಿನಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನಕ್ಕೆ ಜಾನಪದ ವಿದ್ವಾಂಸರಾದ ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರಾದಾಗ ನನಗೆ ಬಹಳ ಖುಷಿಯಾಗಿತ್ತು. ಜನ ಮಾತ್ರ ಬಾಡೂಟದ ಬಗ್ಗೆಯೇ ಜಾಸ್ತಿ ಮಾತಾಡಿದರು. ಬಾಡೂಟ ಬೇಡ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ.

ವಿಮರ್ಶಕರ ವಿಚಾರ ಎತ್ತಿದರೆ ಈ ಸಂಚಿಕೆ ಸಾಲುವುದಿಲ್ಲ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಜೇನು ಸಾಕಣೆ ಇದೆ, ವಿಜ್ಞಾನ ಇದೆ, ಮಂದಣ್ಣನ ಮದುವೆಯ ಫಜೀತಿ ಇದೆ, ಹಾರುವ ಓತಿಯ ಬೆನ್ನು ಹತ್ತಿದ ಬೇಟೆ ಇದೆ. 1980ರಿಂದ ಜನ ಅದನ್ನು ಖುಷಿಯಾಗಿ ಓದುತ್ತಲೇ ಇದ್ದಾರೆ. ಇದು ಯಾವ ಪ್ರಕಾರ ಅಂತ ಕೇಳಿಕೊಂಡು ಯಾರೂ ಕೊನೆಯ ಪುಟ ಬಿಟ್ಟಿಲ್ಲ. ಓದುಗರಿಗೆ ಇಲ್ಲದ ಕಷ್ಟವನ್ನು ಮೇಲೆ ಕೂತವರು ಹುಟ್ಟಿಸುತ್ತಾರೆ. ನಿಮ್ಮಂಥ ಒಳ್ಳೆಯ ಓದುಗರೂ ಅದನ್ನೇ ನಂಬಿ ಸಂಪಾದಕರ ಹತ್ತಿರ ತೀರ್ಪಿಗೆ ಬರುತ್ತೀರಿ.

ನನ್ನ ಕೇಳಿದರೆ ನಿಮ್ಮ ಬಳಗದಲ್ಲಿ ತೀರ್ಪು ಆಗಲೇ ಬಂದಿದೆ. ನಂಜನಗೂಡಿನ ಆ ತಾಯಿ ಕೊಟ್ಟದ್ದು. ಜೋರಾಗಿ ಓದಿದಾಗ ಎಲ್ಲರೂ ಕಿವಿ ಕೊಟ್ಟೆವು ಅಂತ ನೀವೇ ಬರೆದು, ಮುಂದಿನ ವಾಕ್ಯದಲ್ಲೇ ‘ಗೊಂದಲ’ ಅಂದಿದ್ದೀರಿ. ಮೈಸೂರಿನಲ್ಲಿದ್ದ ಎಲ್. ಬಸವರಾಜು ಅವರು ಹಳಗನ್ನಡ, ವಚನ ಎಲ್ಲವನ್ನೂ ಅರೆದು ಕುಡಿದ ದೊಡ್ಡ ವಿದ್ವಾಂಸರು. ಅವರು ಇದೇ ಪುಸ್ತಕವನ್ನು ಪದ್ಯದ ಸಾಲುಗಳಾಗಿ ಬಿಡಿಸಿ ಬರೆದರು. ಅದರ ಲಯ ಅವರ ಕಿವಿಗೆ ಬಿದ್ದಿತ್ತು. ಮೈಸೂರಿನ ರಂಗಾಯಣ ಇದನ್ನು ರಂಗದ ಮೇಲೂ ತಂದಿತು. ಕೇಂದ್ರ ಸಾಹಿತ್ಯ ಅಕಾಡೆಮಿ 1990ರಲ್ಲಿ ಪ್ರಶಸ್ತಿ ಕೊಟ್ಟಿತು. ಪದ್ಯದಂತೆ ಓದಿದರೂ ನಿಂತಿತು, ನಾಟಕದಂತೆ ಆಡಿದರೂ ನಿಂತಿತು. ಬ್ಯಾಂಕ್ ಗೆಳೆಯರ ಕೈಯಲ್ಲಿ ಮಾತ್ರ ಇಪ್ಪತ್ತನೇ ಪುಟಕ್ಕೆ ಬಿತ್ತು. ಅವರಿಗೆ ಒಂದೇ ಸಲಹೆ: ಕಣ್ಣಲ್ಲಿ ಓದಬೇಡಿ, ಆ ತಾಯಿಯ ಬಾಯಲ್ಲಿ ಕೇಳಿ. ಅರ್ಥವಾಗದ ಮಾತು ಬಂದರೆ ಅವರನ್ನೇ ನಿಲ್ಲಿಸಿ ಕೇಳಿ, ಹೇಳಿಕೊಡುತ್ತಾರೆ.

ಮುಂದಿನ ತಿಂಗಳಿಗೆ ಯಾವ ಪುಸ್ತಕ ಅಂತ ಕೊನೆಯಲ್ಲಿ ವಿಚಾರಿಸಿದ್ದೀರಿ. ಜನ್ನನ ‘ಯಶೋಧರ ಚರಿತೆ’ ಹಿಡಿಯಿರಿ, ಹೊಸಗನ್ನಡದ ಅರ್ಥ ಇರುವ ಪ್ರತಿ ತಗೊಳ್ಳಿ. ಚಿಕ್ಕ ಪುಸ್ತಕ, ಬ್ಯಾಂಕ್ ಗೆಳೆಯರೂ ಮುಗಿಸುತ್ತಾರೆ. ಬನದ ಹುಣ್ಣಿಮೆ ಹತ್ತಿರ ಬಂದಾಗ ಬಳಗದವರೆಲ್ಲ ಒಂದು ಗಾಡಿ ಮಾಡಿಕೊಂಡು ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಗೆ ಹೋಗಿ, ರಾತ್ರಿ ಅಲ್ಲೇ ಉಳಿಯಿರಿ. ಪತ್ರದ ಹಿಂಬದಿಯಲ್ಲಿ ನಾಲೆ ನೀರಿನ ಬಗ್ಗೆ ನೀವು ಬರೆದದ್ದನ್ನೂ ಓದಿದ್ದೇನೆ. ಅದಕ್ಕೆ ಉತ್ತರ ಮುಂದಿನ ಸಂಚಿಕೆಯಲ್ಲಿ.