ಆಯುಧವಿದ್ದ ಸಮಾಧಿ ಗಂಡಸಿನದು ಎಂಬ ಬರಹ ನೂರು ವರ್ಷ ಉಳಿದದ್ದು ಹೇಗೆ

ಆರಂಭಿಕ ಮಧ್ಯಯುಗದ ಸಮಾಧಿಗಳ ಅಧ್ಯಯನದಲ್ಲಿ ಒಮ್ಮೆ ಆದ ತಪ್ಪು ತಲೆಮಾರುಗಳವರೆಗೆ ಏಕೆ ಉಳಿದುಕೊಳ್ಳುತ್ತದೆ ಎಂದು ನೀವು ಕೇಳಿದ್ದೀರಿ. ಕಣ್ಣಾರೆ ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ಸಾಲಿನಲ್ಲಿ ದಾಖಲಿಸುವುದೇ ಇದಕ್ಕೆ ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ. ಸ್ವೀಡನ್ನಿನ ಬಿರ್ಕಾದ ಸಮಾಧಿಯೊಂದರಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಮೆಲಾರೆನ್ ಸರೋವರದ ದ್ವೀಪವೊಂದರಲ್ಲಿರುವ ಬಿರ್ಕಾ ವೈಕಿಂಗರ ಕಾಲದ ವ್ಯಾಪಾರಪಟ್ಟಣ. ಅಲ್ಲಿ ಸಾವಿರಕ್ಕೂ ಹೆಚ್ಚು ಸಮಾಧಿಗಳನ್ನು ಅಗೆದ ಪುರಾತತ್ವಜ್ಞ ಯಾಲ್ಮರ್ ಸ್ಟೋಲ್ಪೆ 1878ರಲ್ಲಿ ತೆರೆದ ಹತ್ತನೆಯ ಶತಮಾನದ ಒಂದು ಸಮಾಧಿಗೆ ಬಿಜೆ 581 ಎಂಬ ಸಂಖ್ಯೆಯಿದೆ. ನೆಲದೊಳಗೆ ಮರದ ಕೋಣೆ. ಅದರಲ್ಲಿ ಕತ್ತಿ, ಕೊಡಲಿ, ಈಟಿ, ಬಾಣಗಳು, ಎರಡು ಗುರಾಣಿ. ಮೃತರ ಕಾಲ ಬಳಿ ಒಂದು ಗಂಡು, ಒಂದು ಹೆಣ್ಣು ಕುದುರೆ. ಜೊತೆಗೆ ಹಲಗೆಯಾಟದ ಕಾಯಿಗಳು. ಇಷ್ಟು ಕಂಡ ಮೇಲೆ ಮೃತರು ಗಂಡಸೆಂದು ತೀರ್ಮಾನವಾಯಿತು. ಮೂಳೆಗಳ ಪರೀಕ್ಷೆಯಿಂದ ಬಂದ ತೀರ್ಮಾನ ಅದಾಗಿರಲಿಲ್ಲ.

ನಮ್ಮ ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯ ದೋಷ ಎಂಬ ಮಾತಿದೆ. ಆಯುಧಗಳಿರುವುದರಿಂದ ಇದು ಗಂಡಸಿನ ಸಮಾಧಿ ಎಂದು ಬರೆದು, ಅಂಥ ಸಮಾಧಿಗಳನ್ನೆಲ್ಲ ಎಣಿಸಿ, ಆಯುಧಗಳು ಗಂಡಸರ ಸಮಾಧಿಗಳಲ್ಲಿ ಮಾತ್ರ ಸಿಗುತ್ತವೆ ಎಂದು ಸಾಧಿಸಿದರೆ ಆಗುವುದು ಅದೇ. ಊಹೆಯೇ ಅಂಕಿಯಾಗಿ, ಅಂಕಿಯೇ ಮತ್ತೆ ಪುರಾವೆಯಾಗಿ ಹಿಂದಿರುಗುತ್ತದೆ. ಪಟ್ಟಿಯಿಂದ ಪಟ್ಟಿಗೆ ನಕಲಾಗುವಾಗ ‘ಬಹುಶಃ’ ಎಂಬ ಪದ ಬಿದ್ದುಹೋಗುವುದರಿಂದ, ಮೂರನೆಯ ಓದುಗನ ಕೈಗೆ ಅದು ನಿಶ್ಚಿತ ಸಂಗತಿಯಾಗಿಯೇ ಬರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ಭಾಗ. 1970ರ ದಶಕದಲ್ಲೇ ಮೂಳೆಗಳನ್ನು ಪರಿಶೀಲಿಸಿದವರು ಅವು ಹೆಂಗಸಿನವೆಂದು ಸೂಚಿಸಿದ್ದರೂ ಆ ಮಾತಿಗೆ ಬೆಲೆ ಸಿಗಲಿಲ್ಲ. 2017ರಲ್ಲಿ ಷಾರ್ಲಟ್ ಹೆಡೆನ್‌ಸ್ಟಿಯೆರ್ನಾ-ಯಾನ್‌ಸನ್ ಮತ್ತು ಸಂಗಡಿಗರು ಹಲ್ಲು ಹಾಗೂ ತೋಳಿನ ಮೂಳೆಯ ಡಿಎನ್‌ಎ ಪರೀಕ್ಷಿಸಿ, ಅದರಲ್ಲಿ ಗಂಡಸರಲ್ಲಿರುವ ವೈ ವರ್ಣತಂತು ಇಲ್ಲವೆಂದು ತೋರಿಸಿದಾಗಲೂ, ಮೂಳೆಗಳು ಬೇರೆ ಸಮಾಧಿಯವುಗಳೊಂದಿಗೆ ಬೆರೆತಿರಬಹುದೆಂಬ ಆಕ್ಷೇಪ ಬಂತು. ಆ ಪ್ರಶ್ನೆ ನ್ಯಾಯವಾದದ್ದೇ, ಏಕೆಂದರೆ ಹಳೆಯ ಸಂಗ್ರಹಗಳಲ್ಲಿ ಹಾಗಾಗುವುದುಂಟು. ಆದರೆ ಗಂಡಸೆಂದು ಒಪ್ಪಿಕೊಂಡಿದ್ದ ಅಷ್ಟೂ ವರ್ಷ ಅದೇ ಮೂಳೆಗಳ ಬಗ್ಗೆ ಈ ಪ್ರಶ್ನೆಯನ್ನು ಇಷ್ಟು ಕಟ್ಟುನಿಟ್ಟಾಗಿ ಕೇಳಿರಲಿಲ್ಲ. ಸಂಶೋಧಕರು 2019ರಲ್ಲಿ ವಿವರವಾಗಿ ಉತ್ತರಿಸಿದರು: ಮೂಳೆಗಳ ಮೇಲೆ ಸಮಾಧಿಯ ಸಂಖ್ಯೆ ಬರೆದಿತ್ತು, ಉಳಿದುಬಂದಿರುವ ಮೂಳೆಗಳು ಸ್ಟೋಲ್ಪೆಯ ಕಾಲದ ನಕ್ಷೆಗೆ ಹೊಂದುತ್ತಿದ್ದವು. ತಪ್ಪನ್ನು ತಿದ್ದಲು ನೆರವಾದದ್ದು ಅದೇ ಹಳೆಯ ಉತ್ಖನನದ ಶಿಸ್ತಿನ ದಾಖಲೆ ಎಂಬುದನ್ನು ಮರೆಯಬಾರದು.

ಬಿರ್ಕಾ ಒಂದೇ ಅಲ್ಲ. ಇಟಲಿಯ ಮೊಡೆನಾದಲ್ಲಿ ಕೈ ಕೈ ಹಿಡಿದಂತೆ ಸಿಕ್ಕ ಜೋಡಿಯನ್ನು ಗಂಡು-ಹೆಣ್ಣು ಪ್ರೇಮಿಗಳೆಂದು ಕರೆಯಲಾಗಿತ್ತು. 2019ರಲ್ಲಿ ಹಲ್ಲಿನ ಎನಾಮೆಲ್‌ನ ಪ್ರೋಟೀನು ಇಬ್ಬರೂ ಗಂಡಸರೆಂದು ತೋರಿಸಿತು.

ಈಗ ಬಿರ್ಕಾದ ಆಕೆಯನ್ನು ಆಟದ ಕಾಯಿಗಳನ್ನು ಯುದ್ಧತಂತ್ರದ ಅರಿವಿನ ಗುರುತೆಂದು ಓದಿ ಸೇನಾನಾಯಕಿ ಎಂದು ಬರೆಯುವವರಿದ್ದಾರೆ. ಡಿಎನ್‌ಎ ಹೇಳಿದ್ದು ಹೆಣ್ಣು ಎಂದಷ್ಟೆ. ಆಕೆ ಕಾದಾಡಿದಳೇ, ದಳ ನಡೆಸಿದಳೇ ಎಂಬುದು ಇನ್ನೂ ಸಮಾಧಿಯ ವಸ್ತುಗಳ ಮೇಲೆಯೇ ನಿಂತ ಊಹೆ. ಹಾಗೆ ಬರೆಯುವವರು ಅಲ್ಲೊಂದು ‘ಬಹುಶಃ’ ಸೇರಿಸಬೇಕು, ನಕಲು ಮಾಡುವವರು ಅದನ್ನು ಉಳಿಸಿಕೊಳ್ಳಬೇಕು.